ಹತ್ತು ನಿಮಿಷದ ನಡಿಗೆ

ಹಾರ್ಟಿನ ಕಾಯಿಲೆ ಬಂದರೆ ಭಯ ಮಾತ್ರ ಬರುತ್ತದೆ ಅಂದುಕೊಂಡಿದ್ದೆ. ಅದರ ಹಿಂದೆಯೇ ಇಂಥ ನಗೆಪಾಟಲಿನ ಪ್ರಸಂಗಗಳೂ ಸಾಲುಗಟ್ಟಿ ಬರುತ್ತವೆ ಅಂತ ಯಾರೂ ಹೇಳಿರಲಿಲ್ಲ.

೧

ಜಿಗಣಿಯ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಮುಂದೆ ಕುಸಿದುಬಿದ್ದೆ. ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಅಲುಗಾಡಿದರೆ ಎದೆ ಒಡೆಯುತ್ತದೇನೋ ಎಂಬ ಹೆದರಿಕೆಗೆ ಒಂದು ತಿಂಗಳು ಗೋಡೆ ನೋಡುತ್ತಾ ಮಲಗಿಬಿಟ್ಟೆ. ಚೆಕಪ್‌ಗೆ ಹೋದಾಗ ಡಾಕ್ಟರು, "ದಿನಾ ಎಷ್ಟು ನಡೀತೀರಿ?" ಎಂದರು.

"ಹಾಸಿಗೆಯಿಂದ ಬಚ್ಚಲಿಗೆ."

ನನ್ನ ಮಾನ ಉಳಿಸಲು ಹೆಂಡತಿ ಬಾಯಿ ಹಾಕಿದಳು: "ಬರೀ ಹೋಗೋದಲ್ಲ ಡಾಕ್ಟ್ರೇ, ವಾಪಸ್ಸೂ ಬರ್ತಾರೆ."

೨

ಡಾಕ್ಟರು ನಗಲಿಲ್ಲ. "ಹಾರ್ಟೂ ಒಂದು ಮಾಂಸಖಂಡ ಕಣ್ರೀ. ಮಲಗಿಸಿದ್ರೆ ಸೊರಗುತ್ತೆ. ಹತ್ತು ನಿಮಿಷದಿಂದ ಶುರು ಮಾಡಿ, ನಿಧಾನಕ್ಕೆ ಜಾಸ್ತಿ ಮಾಡ್ಕೊಳ್ಳಿ."

ಮಾರನೇ ದಿನ ಬೆಳಿಗ್ಗೆ ಜೀವ ಕೈಯಲ್ಲಿ ಹಿಡಿದು ಚಂದಾಪುರದ ರಸ್ತೆಗಿಳಿದೆ. ನೂರು ಹೆಜ್ಜೆ ಇಟ್ಟಿಲ್ಲ, ನಮ್ಮ ಫ್ಯಾಕ್ಟರಿಯವನೊಬ್ಬ ಬೈಕ್ ನಿಲ್ಲಿಸಿದ. "ಅಣ್ಣಾ, ಈ ಸ್ಥಿತೀಲಿ ನಡೀತಿದ್ದೀರಾ? ಹತ್ತಿ!"

"ವಾಕಿಂಗ್ ಹೊರಟಿದ್ದೀನಿ ಕಣೋ."

"ಎಲ್ಲಿಗೆ ವಾಕಿಂಗು ಹೇಳಿ, ನಾನೇ ಬಿಡ್ತೀನಿ."

೩

ನಮ್ಮ ಮನೆ ಓನರ್ ಗೌಡರಿಗೂ ಹಾರ್ಟಿನ ಕಾಯಿಲೆ, ಬೈಪಾಸ್ ಆಗಿತ್ತು. ನಡೆಯಿರಿ ಎಂದರೆ, "ನಲವತ್ತು ವರ್ಸ ಎತ್ತಿನ ಹಿಂದೆ ನಡ್ದಿವ್ನಿ, ಅದು ಸಾಲ್ದಾ?" ಎನ್ನುತ್ತಿದ್ದರು. ಒಬ್ಬನೇ ಹೋಗಲು ಭಯ ಎಂದು ನಾನು ಬೇಡಿಕೊಂಡ ಮೇಲೆ ಜೊತೆಗೆ ಬಂದರು.

ದಾರಿಯುದ್ದಕ್ಕೂ ಸತ್ತವರ ಸುದ್ದಿಯೇ. "ಈ ಮನೆಯೋನು ಊಟಕ್ಕೆ ಕೂತಲ್ಲೇ ಓದ. ಆ ಗೇಟಿನ ಮನೆಯೋನು ಸ್ನಾನಕ್ಕೆ ಓದೋನು ಬರ್ಲೇ ಇಲ್ಲ." ಕೇಳುತ್ತಾ ಆ ಮನೆಗಳ ಮುಂದೆ ನಾನು ಹೆಜ್ಜೆ ಚುರುಕು ಮಾಡುತ್ತಿದ್ದೆ. ಹಾಗೇ ಎರಡು ತಿಂಗಳಲ್ಲಿ ಇಬ್ಬರೂ ಮುಕ್ಕಾಲು ಗಂಟೆ ನಡೆಯುವಷ್ಟಾದೆವು. ಕೆರೆ ಏರಿ ಹತ್ತಿದರೂ ಏದುಸಿರಿಲ್ಲ.

ಒಂದು ಬೆಳಿಗ್ಗೆ ಗೌಡರು ಇದ್ದಕ್ಕಿದ್ದಂತೆ ಮೌನವಾದರು. ಮುಖ ಬಾಡಿತ್ತು. "ಎದೆ ನೋಯ್ತಿದ್ಯಾ?" ಅಂದೆ. "ಏನೂ ಇಲ್ಲ" ಅಂದರು. ಎದೆನೋವು ಬಂದವರೆಲ್ಲ ಮೊದಲು ಹೇಳುವುದೇ ಅದು, ನಾನೂ ಹೇಳಿದ್ದೆ. ಬೇಡ ಬೇಡವೆಂದರೂ ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಈಸಿಜಿ ನೋಡಿ, "ಮೊದಲಿಗಿಂತ ಗಟ್ಟಿಯಾಗಿದ್ದೀರಲ್ಲ! ಮತ್ಯಾಕೆ ಮಾತು ನಿಂತ್ಹೋಯ್ತು?" ಎಂದರು.

ಗೌಡರು ನಿಟ್ಟುಸಿರು ಬಿಟ್ಟರು. "ನಮ್ ಕಡೆ ಸತ್ತೋರೆಲ್ಲಾ ಮುಗುದೋದ್ರು ಸ್ವಾಮಿ. ಇನ್ನು ಒಸ ಸುದ್ದಿ ಬೇಕು ಅಂದ್ರೆ, ನಮ್ಮಿಬ್ರಲ್ಲೇ ಒಬ್ರು ಓಗ್ಬೇಕು."