ಹಳ್ಳಕ್ಕೆ ಬಣ್ಣ ಬಂದ ಕಥೆ

ಸಾಗರದ ನಮ್ಮ ಬೀದಿಯ ಹಿಂದೆ ಹರಿಯುವ ಹಳ್ಳವನ್ನು ಉಳಿಸಲು ನನ್ನಷ್ಟು ಯೋಗ್ಯಳು ಇನ್ನೊಬ್ಬಳಿಲ್ಲ ಎಂದು ನನಗೆ ಖಾತ್ರಿಯಿತ್ತು. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು ನಾನು. ತಪ್ಪು ಹುಡುಕುವುದು ರಕ್ತದಲ್ಲೇ ಇದೆ!

ಹಳ್ಳದ ಮೇಲ್ಭಾಗದಲ್ಲಿ ಸದಾನಂದ ಎಂಬುವರ ಉಪ್ಪಿನಕಾಯಿ ಕಾರ್ಖಾನೆಯಿದೆ. ಈಚೆಗೆ ಹಳ್ಳದ ನೀರು ನೊರೆಗಟ್ಟಿ ನಾರುತ್ತಿತ್ತು. ಪಕ್ಕದ ಮನೆಯ ಪಾರ್ವತಕ್ಕನ ಬಾವಿಗೂ ವಾಸನೆ ತಗುಲಿ, ಪಾಪ, ಅವರು ಕುಡಿಯುವ ನೀರನ್ನು ನಮ್ಮ ನಲ್ಲಿಯಿಂದ ಹೊರುತ್ತಿದ್ದರು. ಕಾರ್ಖಾನೆಯ ತ್ಯಾಜ್ಯನೀರಿನ ಪರವಾನಗಿ ನವೀಕರಣಕ್ಕೆ ಬಂದಿದೆ, ಆಕ್ಷೇಪಣೆ ಇದ್ದವರು ಹೇಳಬಹುದು ಎಂದು ತಿಳಿದದ್ದೇ ತಡ, ಹಳ್ಳ ಸಂರಕ್ಷಣಾ ಸಮಿತಿ ಅಸ್ತಿತ್ವಕ್ಕೆ ಬಂತು. ಸಂಚಾಲಕಿ ನಾನು. ಸದಸ್ಯರು ಪಾರ್ವತಕ್ಕ ಮತ್ತು ಒಲ್ಲೆ ಎನ್ನುವ ಧೈರ್ಯವಿಲ್ಲದ ನನ್ನ ಯಜಮಾನರು.

ಮೊದಲು ಸಾಕ್ಷಿ ಬೇಕಲ್ಲ? ನೀರಿನ ಮಾದರಿ ತರಲು ಪಾತ್ರೆ ಹಿಡಿದು ಹಳ್ಳಕ್ಕಿಳಿದೆ. ಇಳಿದೆ ಎನ್ನುವುದಕ್ಕಿಂತ ಜಾರಿದೆ ಎಂದರೆ ಸತ್ಯಕ್ಕೆ ಹತ್ತಿರ. ಸೀರೆ ಕೆಸರಾದರೂ ಪಾತ್ರೆ ತುಂಬಿತ್ತು. ಅದನ್ನು ಜೋಪಾನವಾಗಿ ಫ್ರಿಜ್ಜಿನಲ್ಲಿಟ್ಟು ಸ್ನಾನಕ್ಕೆ ಹೋದೆ. ಹೊರಬಂದಾಗ ಮನೆ ತುಂಬ ಭಯಂಕರ ವಾಸನೆ!

"ಸಾರು ಹಳಸಿದೆ ಮಾರಾಯ್ತಿ. ಕುದ್ಸಿದ್ರೂ ವಾಸನೆ ಹೋಗ್ತಿಲ್ಲ" ಎಂದರು ಯಜಮಾನರು ಒಲೆಯ ಮುಂದೆ.

"ರೀ, ಅದು ಸಾರಲ್ಲ, ಸಾಕ್ಷಿ!"

"ಹೌದಾ? ಒಗ್ಗರಣೆ ಹಾಕ್ಬಿಟ್ನಲ್ಲ!"

ಒಗ್ಗರಣೆ ಹಾಕಿದ ಸಾಕ್ಷಿಯನ್ನು ಯಾವ ಇಲಾಖೆ ಒಪ್ಪುತ್ತದೆ? ಅಧಿಕಾರಿಗಳೇ ಬಂದು ನೋಡಲಿ ಎಂದು ಪಟ್ಟು ಹಿಡಿದೆ. ಶಿವಮೊಗ್ಗದ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಒಬ್ಬ ತರುಣ ಅಧಿಕಾರಿ ಬಂದೇಬಿಟ್ಟರು. ಬೀದಿಗೆ ಬೀದಿಯೇ ಹಳ್ಳದ ದಂಡೆಯಲ್ಲಿ ಸೇರಿತು.

ನೀರು ಎಲ್ಲಿ ಹೋಗಿ ಸೇರುತ್ತದೆಂದು ನೋಡಲು ಅವರು ಕಾರ್ಖಾನೆಯ ಚರಂಡಿಗೆ ಗುಲಾಬಿ ಬಣ್ಣ ಸುರಿದರು. ಸ್ವಲ್ಪ ಹೊತ್ತಿಗೆ ಹಳ್ಳದಲ್ಲಿ ಗುಲಾಬಿ ಎಳೆ ತೇಲಿತು!

"ನೋಡಿದ್ರಾ!" ಎಂದು ನಾನು ಕೂಗಿದ ಕೂಗು ತಾಳಗುಪ್ಪದ ರೈಲಿಗೂ ಕೇಳಿಸಿರಬೇಕು.

ಸದಾನಂದರ ಮುಖ ಬಾಡಿತು. "ತಪ್ಪಾಗಿದೆ ಸಾರ್, ಸರಿ ಮಾಡ್ಸ್ತೀನಿ. ಆದ್ರೆ ನಮ್ದೊಂದೇ ಅಲ್ಲ, ಮನೆಗಳ ಬಚ್ಚಲ ನೀರೂ ಇದಕ್ಕೇ ಬರ್ತದೆ."

ನನ್ನ ಸ್ವಾಭಿಮಾನಕ್ಕೆ ಬೆಂಕಿ ಬಿತ್ತು. "ನಮ್ಮನೆ ಬಚ್ಚಲ ನೀರು ಇಂಗುಗುಂಡಿಗೆ ಹೋಗ್ತದೆ. ಬೇಕಾದ್ರೆ ನಮ್ಮನೆಯಿಂದ್ಲೇ ಪರೀಕ್ಷೆ ಶುರು ಮಾಡಿ ಸಾರ್!"

ಯಜಮಾನರು ಕೆಮ್ಮಿದರು. ನಾನು ಗಮನಿಸಲಿಲ್ಲ. ಸೆರಗು ಎಳೆದರು. ನಾನು ಕೈ ಕೊಡವಿದೆ. ಅಧಿಕಾರಿ ನಮ್ಮ ಬಚ್ಚಲಿಗೆ ಹಸಿರು ಬಣ್ಣ ಸುರಿದು ಬಂದರು.

ಎಲ್ಲರ ಕಣ್ಣೂ ಹಳ್ಳದ ಮೇಲೆ. ಮೊದಲು ಒಂದು ಗುಳ್ಳೆ. ಆಮೇಲೆ ಕೆಸವಿನ ಗಿಡಗಳ ಸಂದಿಯಿಂದ ಗಿಣಿಹಸಿರು ನೀರು ದಬದಬ ಸುರಿಯಿತು!

"ಅಕ್ಕಾ, ಹೋಳಿ ಹಬ್ಬ ಇವತ್ತೇ ಬಂತಾ?" ಎಂದು ಕೇಳಿದರು ಸದಾನಂದ, ಬಹಳ ವಿನಯದಿಂದ.

ನಾನು ಯಜಮಾನರ ಕಡೆ ತಿರುಗಿದೆ.

"ಮಳೆಗಾಲದಲ್ಲಿ ಗುಂಡಿ ತುಂಬಿ ಅಂಗಳಕ್ಕೆ ಬರ್ತಿತ್ತಲ್ಲ, ಪ್ಲಂಬರನ್ನ ಕರ್ಸಿ ಹಳ್ಳಕ್ಕೆ ಪೈಪ್ ಹಾಕ್ಸಿದ್ದೆ. ಹೇಳಿದ್ರೆ ನೀನು ಬೈತಿದ್ದೆ" ಎಂದರು ಮೆಲ್ಲಗೆ. ಅದಂತೂ ನಿಜ.

ಪಾರ್ವತಕ್ಕ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ಬಾವಿಗೆ ನಮ್ಮದೇ ಕೊಳಚೆ ಕುಡಿಸಿ, ಕೊಡಪಾನಕ್ಕೆ ನಮ್ಮದೇ ನೀರು ತುಂಬಿಸಿ ಉಪಕಾರ ಮಾಡಿದ ಮಹಾತಾಯಿ ನಾನು! ಕ್ಷಮೆ ಕೇಳಲು ಬಾಯಿ ತೆರೆದೆ. ಹೈಸ್ಕೂಲು ನಡುಗಿಸಿದ ದನಿ ಸೊಳ್ಳೆಯ ದನಿಯಾಗಿ ಹೊರಟಿತು: "ತಪ್ಪಾಯ್ತು ಪಾರ್ವತಕ್ಕ."

ಅಧಿಕಾರಿ ಎರಡು ಆದೇಶ ಕೊಟ್ಟರು. ಕಾರ್ಖಾನೆ ಶುದ್ಧೀಕರಣದ ತೊಟ್ಟಿ ಕಟ್ಟುವವರೆಗೆ ಪರವಾನಗಿ ಇಲ್ಲ. ಹಳ್ಳಕ್ಕೆ ಬಿಟ್ಟ ಮನೆಯ ಪೈಪುಗಳೆಲ್ಲ ತಕ್ಷಣ ಬಂದ್. ಸಮಿತಿ ಅಂದೇ ತುರ್ತುಸಭೆ ಸೇರಿತು. ಸಂಚಾಲಕಿಯ ಪೈಪಿನಿಂದಲೇ ಆರಂಭವಾಗಲಿ ಎಂದು ಪಾರ್ವತಕ್ಕ ಸೂಚಿಸಿದರು. ಯಜಮಾನರೇ ಅನುಮೋದಿಸಿದರು!

ಮುಂದಿನ ಭಾನುವಾರ ನಮ್ಮ ಹಿತ್ತಲಲ್ಲಿ ಹೊಸ ಇಂಗುಗುಂಡಿ ತೋಡಿದರು. ನೀರಿನ ಮೇಲೆ ನಾಗರಿಕರ ಕಣ್ಗಾವಲು ಎಂದರೇನೆಂದು ಆಗ ಅರ್ಥವಾಯಿತು. ಇಡೀ ಬೀದಿಯ ಜನ ಗುಂಡಿಯ ಸುತ್ತ ನಿಂತು, ಇನ್ನೂ ಆಳ ಬೇಕು, ಇನ್ನೂ ಅಗಲ ಬೇಕು ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದರು. ಸಂಚಾಲಕಿಯವರು ತಲೆತಗ್ಗಿಸಿ ಎಲ್ಲರಿಗೂ ಚಹಾ ಹಂಚುತ್ತಿದ್ದರು!