ದೊಡ್ಡಮ್ಮನ ಮನೆಯ ವಿದ್ಯುತ್ ಉಪಕರಣಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಶಿರ್ತಾಡಿಗೆ ಹೋದದ್ದು ಬಸ್ಸಿನಲ್ಲೋ ಆಟೋದಲ್ಲೋ, ದೊಡ್ಡಮ್ಮ ಕುಡಿಯಲು ಕೊಟ್ಟದ್ದು ಬೆಲ್ಲ ನೀರೋ ಚಹಾವೋ, ಈಗ ಖಚಿತವಿಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದವಳು ನಾನು. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲದಿರುವುದು ಅದರಿಂದಲೇ. ದಿನಚರಿ ಬರೆಯದವರು ಸುಖಿಗಳು, ತಮಗೆ ಎಲ್ಲವೂ ನೆನಪಿದೆ ಎಂದುಕೊಂಡು ಬದುಕುತ್ತಾರೆ. ಬರೆದವರು ಮಾತ್ರ ಹತ್ತು ವರ್ಷದ ಬಳಿಕ ಹಳೆಯ ಪುಟ ತಿರುವಿ, ಊರಿಗೆಲ್ಲ ಸೊಗಸಾಗಿ ಹೇಳಿಕೊಂಡು ಬಂದ ಜಗಳದಲ್ಲಿ ತಪ್ಪು ತಮ್ಮದೇ ಆಗಿತ್ತೆಂದು ತಿಳಿದು ಸಪ್ಪಗಾಗುತ್ತಾರೆ. ಆ ದಿನದ ಪುಟದಲ್ಲಿ ನಾನು ಬರೆದದ್ದು ಇಷ್ಟೇ: "ಎರಡು ಮನೆ ಮುಗಿಯಿತು. ತಲೆನೋವು." ಆ ಎರಡರಲ್ಲಿ ಒಂದು ಮನೆಯ ದೀಪ ನನ್ನಿಂದಾಗಿ ಆರಲಿದೆ ಎಂಬ ಸುಳಿವು ಅದರಲ್ಲಿ ಎಲ್ಲೂ ಇಲ್ಲ.

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ಕೆಲವು ವರ್ಷ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿಗಳು ಹೆಚ್ಚು ದಿನ ಉಳಿಯಬಾರದೆಂಬುದು ನನಗಿಂತ ಮೊದಲು ಕಾಲೇಜಿಗೆ ಹೊಳೆಯಿತು. ಅನಂತರ ಸಿಕ್ಕಿದ್ದು ಈ ಗುತ್ತಿಗೆಯ ಕೆಲಸ. ಬಡವರ ಮನೆಯ ಕರೆಂಟ್ ಬಿಲ್ಲನ್ನು ಸರಕಾರವೇ ಭರಿಸುವ ಯೋಜನೆಯೊಂದು ಉಂಟಲ್ಲ, ಅದು ನಿಜವಾಗಿ ಬಡವರಿಗೇ ತಲುಪುತ್ತಿದೆಯೇ ಎಂದು ಮನೆಮನೆಗೆ ಹೋಗಿ ನೋಡಿ, ಪ್ರತಿ ತಿಂಗಳೂ ವರದಿ ಕಳಿಸಬೇಕು. ಲಾಯಿಲದ ನನ್ನ ಬಾಡಿಗೆ ಮನೆಯಿಂದ ಬೆಳಿಗ್ಗೆ ಹೊರಟರೆ ಒಂದು ದಿನ ಬಂಟ್ವಾಳ, ಒಂದು ದಿನ ಮೂಡುಬಿದಿರೆ. ಕೈಯಲ್ಲಿ ಒಂದು ಟ್ಯಾಬ್, ಅದರಲ್ಲಿ ಮೂವತ್ತೆಂಟು ಪ್ರಶ್ನೆ. ಬಲ್ಬು ಎಷ್ಟು, ಫ್ಯಾನ್ ಎಷ್ಟು, ಮೀಟರಿನ ಪಕ್ಕ ಫಲಾನುಭವಿ ನಿಂತ ಫೋಟೋ, ಕೊನೆಯಲ್ಲಿ "ನೆರವಿನಿಂದ ಬದುಕಿನಲ್ಲಿ ಆದ ಸುಧಾರಣೆ, ಐವತ್ತು ಪದ ಮೀರದಂತೆ." ಬಂಟ್ವಾಳದ ಕಡೆಯ ಅಜ್ಜರೊಬ್ಬರು ಈ ಪ್ರಶ್ನೆಗೆ ತುಂಬ ಹೊತ್ತು ಯೋಚಿಸಿ ಹೇಳಿದರು: "ಮೊದಲು ಕರೆಂಟ್ ಹೋದರೆ ಬಿಲ್ ಕಟ್ಟಿಯೂ ಹೋಯ್ತಲ್ಲ ಅಂತ ಸಿಟ್ಟು ಬರ್ತಿತ್ತು. ಈಗ ಧರ್ಮಕ್ಕೆ ಬಂದದ್ದು ಧರ್ಮಕ್ಕೇ ಹೋಯ್ತು ಅಂತ ಸುಮ್ಮನಿರ್ತೇನೆ." ನಾನು "ಮಾನಸಿಕ ನೆಮ್ಮದಿ ಹೆಚ್ಚಿದೆ" ಎಂದು ತುಂಬಿದೆ. ಅದು ಸುಳ್ಳಲ್ಲ. ಆದರೆ ಅಜ್ಜ ಹೇಳಿದ್ದೂ ಅದಲ್ಲ.

ವರದಿಯ ನಿಯಮಗಳಲ್ಲಿ ಎರಡು ಮುಖ್ಯವಾದವು. ಒಂದು, ಹೋಗುವ ಮುಂಚಿನ ದಿನ ಮನೆಯವರಿಗೆ ಫೋನ್ ಮಾಡಿ ತಿಳಿಸಬೇಕು. ಇನ್ನೊಂದು, ಮನೆಯಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಉಪಕರಣ ಕಂಡರೆ ಆ ಮನೆ ತಾನಾಗಿಯೇ ಮರುಪರಿಶೀಲನೆಗೆ ಹೋಗುತ್ತದೆ, ಅದು ಮುಗಿಯುವವರೆಗೆ ನೆರವು ನಿಲ್ಲುತ್ತದೆ. ಈ ನಿಯಮ ಮಾಡಿದವರು ಜನ ತಮ್ಮಲ್ಲಿರುವುದನ್ನು ಅಡಗಿಸುತ್ತಾರೆಂದು ಲೆಕ್ಕ ಹಾಕಿರಬೇಕು. ನಮ್ಮ ಕಡೆಯ ಜನ ಮನೆಗೆ ಬರುವವರ ಮುಂದೆ ಅಡಗಿಸುವುದು ಇಲ್ಲದಿರುವುದನ್ನು. ನೆಂಟರು ಬರುತ್ತಾರೆಂದರೆ ಪಕ್ಕದ ಮನೆಯಿಂದ ಕುರ್ಚಿ ಬರುತ್ತದೆ, ಸ್ಟೀಲಿನ ಲೋಟ ಬರುತ್ತದೆ, ಒಮ್ಮೊಮ್ಮೆ ಮಾತನಾಡಲು ಬಲ್ಲ ಒಬ್ಬ ಮನುಷ್ಯನೂ ಬರುತ್ತಾನೆ. ಇದು ನನಗೆ ಗೊತ್ತಿರಲಿಲ್ಲವೇ? ಇದೇ ವಿಷಯದ ಮೇಲೆ ನಾನು ಎಂ.ಎ.ಯಲ್ಲಿ ಕಿರುಪ್ರಬಂಧ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು.

ಶಿರ್ತಾಡಿಯ ಪಟ್ಟಿಯಲ್ಲಿ ನನ್ನ ದೊಡ್ಡಮ್ಮನ ಹೆಸರಿತ್ತು. ಅಮ್ಮನ ಅಕ್ಕ, ಬೀಡಿ ಕಟ್ಟಿ ಬದುಕುವವರು. ಸಂಬಂಧಿಕರ ಮನೆ ಬೇರೆಯವರಿಗೆ ಕೊಡಿ ಎಂದು ಮೇಲ್ವಿಚಾರಕರನ್ನು ಕೇಳಿಕೊಂಡೆ. ನಿಮ್ಮವರೇ ಆದರೆ ಬೇಗ ಮುಗಿಯುತ್ತದಲ್ಲ ಎಂದರು ಅವರು. ಆಗ ನನ್ನೊಳಗೆ ಒಂದು ಕೆಟ್ಟ ಹಟ ಹುಟ್ಟಿತು. ನಮ್ಮವರೆಂದು ಬಿಟ್ಟಳು ಎಂದು ನಾಳೆ ಯಾರೂ ಹೇಳಬಾರದು. ಮೂವತ್ತೆಂಟು ಪ್ರಶ್ನೆಗಳನ್ನೂ ಬಿಡದೆ ಕೇಳುತ್ತೇನೆ, ಕಂಡದ್ದೆಲ್ಲ ಬರೆಯುತ್ತೇನೆ ಎಂದುಕೊಂಡೆ. ಪ್ರಾಮಾಣಿಕತೆ ಎಂದು ನಾನು ಅದನ್ನು ಕರೆದೆ. ಹೆದರಿಕೆಗೆ ಎಷ್ಟೆಲ್ಲ ಒಳ್ಳೆಯ ಹೆಸರುಗಳಿವೆ.

ಹೋದಾಗ ಹನ್ನೊಂದು ಗಂಟೆಯ ಬಿಸಿಲು. ಮನೆಯ ಬಲ್ಬುಗಳೆಲ್ಲ ಉರಿಯುತ್ತಿದ್ದವು. ಚಾವಡಿಯಲ್ಲಿ ಟೇಬಲ್ ಫ್ಯಾನ್ ತಿರುಗುತ್ತಿತ್ತು, ಟಿ.ವಿ.ಯಲ್ಲಿ ಯಾರೋ ಅಳುತ್ತಿದ್ದರು, ಅಡುಗೆ ಕಟ್ಟೆಯ ಮೇಲೆ ಮಿಕ್ಸಿ, ಅದರ ಪಕ್ಕ, ಅಲ್ಲಿ ಯಾಕೆಂದು ಗೊತ್ತಿಲ್ಲ, ಇಸ್ತ್ರಿ ಪೆಟ್ಟಿಗೆ. ದೊಡ್ಡಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ನಾವಿಬ್ಬರೂ ಹುಟ್ಟಿದಾಗಿನಿಂದ ತುಳುವಿನಲ್ಲೇ ಮಾತನಾಡಿದವರು. ಆದರೆ ನಾನು ಟ್ಯಾಬ್ ತೆರೆದದ್ದೇ ಅವರು ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಕಲಿತ ಕನ್ನಡಕ್ಕೆ ಇಳಿದು, ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದರು.

"ಫ್ಯಾನ್ ಉಂಟಾ?" ಎಂದು ಕೇಳಿದೆ.

"ಉಂಟು. ನೀವು ನೋಡ್ತಾ ಇದ್ದೀರಲ್ಲ."

"ಮಿಕ್ಸಿ?"

"ಅದೂ ಉಂಟು. ಬರೆದುಕೊಳ್ಳಿ."

ಬರೆದುಕೊಂಡೆ. ನನ್ನ ನೆನಪು ಕೈಕೊಡುವುದು ಇದಾದ ಮೇಲೆ. ಮೀಟರಿನ ಪಕ್ಕ ಅವರನ್ನು ನಿಲ್ಲಿಸಿ ಫೋಟೋ ತೆಗೆಯುವಾಗ ಅವರು ಮೆಲ್ಲಗೆ, ತುಳುವಿನಲ್ಲಿ ಏನೋ ಹೇಳಿದರು. ಅಥವಾ ಹೇಳಿದರೆಂದು ನಾನು ಈಗ ಅಂದುಕೊಳ್ಳುತ್ತಿದ್ದೇನೆ. ಗೋಡೆಯಾಚೆಯ ಮನೆಯ ಸೆವ್ರಿನ್ ಬಾಯಿಯವರ ಹೆಸರು ಆ ಮಾತಿನಲ್ಲಿ ಇತ್ತೆಂದು ಒಂದು ದಿನ ಅನ್ನಿಸುತ್ತದೆ, ಇರಲಿಲ್ಲವೆಂದು ಮರುದಿನ. ಟಿ.ವಿ. ಜೋರಾಗಿತ್ತು. ನಾನು ಫೋಟೋ ಮಸುಕಾಗದಂತೆ ಉಸಿರು ಬಿಗಿಹಿಡಿದಿದ್ದೆ.

ಎರಡನೆಯ ಮನೆ ಸೆವ್ರಿನ್ ಬಾಯಿಯವರದೇ. ಅವರ ಮಗ ಗಲ್ಫಿನಲ್ಲಿ ಡ್ರೈವರ್. ಅಲ್ಲಿ ಒಂದು ಬಲ್ಬು ಬಿಟ್ಟರೆ ಬೇರೇನೂ ಇರಲಿಲ್ಲ. ಕಿಟಕಿಯ ಪಕ್ಕದ ಕಪಾಟಿನ ಮೇಲಿನ ಧೂಳಿನಲ್ಲಿ ಟಿ.ವಿ.ಯಷ್ಟು ಅಗಲದ ಸ್ವಚ್ಛ ಜಾಗವೊಂದಿತ್ತು. ಅದನ್ನು ನಾನು ಆ ದಿನವೇ ಕಂಡೆನೋ, ಆಮೇಲೆ ಫೋಟೋದಲ್ಲಿ ಕಂಡೆನೋ, ಅದೂ ಗೊತ್ತಿಲ್ಲ. "ಅತ್ಯಂತ ಸರಳ ಜೀವನ" ಎಂದು ಬರೆದೆ. ಬಾಯಿಯವರು ನನ್ನನ್ನು ಬೀಳ್ಕೊಡುತ್ತ, ಸ್ವಲ್ಪ ಬೇಗ ಹೊರಡಿ, ಮಸಾಲೆ ಅರೆಯಲಿಕ್ಕೆ ಉಂಟು ಎಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಮುಂದಿನ ತಿಂಗಳು ಸೆವ್ರಿನ್ ಬಾಯಿಯವರ ನೆರವು ಎಂದಿನಂತೆ ಬಂತು. ದೊಡ್ಡಮ್ಮನಿಗೆ ಬಿಲ್ ಬಂತು. ಅವರು ನನಗೆ ಹೇಳಲಿಲ್ಲ. ಬಾಯಿಯವರೇ ಫೋನ್ ಮಾಡಿದರು. ನಿನ್ನ ದೊಡ್ಡಮ್ಮ ಈಗ ಬಲ್ಬು ಹಾಕುವುದಿಲ್ಲ ಮಾರಾಯ್ತಿ, ಕತ್ತಲಾದ ಮೇಲೆ ಬಾಗಿಲ ಬಳಿ ಕೂತು ರಸ್ತೆಯ ಲೈಟಿನಲ್ಲಿ ಬೀಡಿ ಕಟ್ಟುತ್ತಾರೆ, ಬೀಡಿ ಕೊಂಡುಕೊಳ್ಳುವ ಬ್ರಾಂಚಿನಲ್ಲಿ ಅರ್ಧಕ್ಕರ್ಧ ಸರಿ ಇಲ್ಲವೆಂದು ಬಿಸಾಡುತ್ತಾರೆ ಎಂದರು. ನಿಮ್ಮ ಟಿ.ವಿ., ಮಿಕ್ಸಿ, ಸಾಮಾನೆಲ್ಲ ಅವರಿಗೆ ಯಾಕೆ ಕೊಟ್ಟಿರಿ ಎಂದು ನಾನು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರೇ ಕೇಳಿದ್ದಲ್ವಾ? ಹುಡುಗಿ ಆಫೀಸಿಂದ ಬರ್ತಾಳೆ, ಅವಳ ಕಡೆಯವರು ಗತಿಗೆಟ್ಟವರು ಅಂತ ಸರಕಾರಕ್ಕೆ ಫೋಟೋ ಹೋಗಬಾರದು, ಅವಳಿಗೆ ಮರ್ಯಾದೆ ಹೋಗ್ತದೆ ಅಂತ."

ಬಂಟ್ವಾಳದ ಕಚೇರಿಗೆ ಹೋಗಿ ವರದಿ ತಿದ್ದಬೇಕೆಂದೆ. ಮೇಲ್ವಿಚಾರಕರು ಕೆಟ್ಟವರಲ್ಲ, ಚಹಾ ತರಿಸಿದರು. ಕಳಿಸಿದ ವರದಿಯನ್ನು ತಿದ್ದಲು ಇನ್ನೊಂದು ವರದಿ ಇದೆಯಂತೆ. ಅದರಲ್ಲಿ ಕಾರಣ ಆರಿಸಲು ಒತ್ತುವ ಸೊನ್ನೆ ಎರಡೇ: "ಫಲಾನುಭವಿ ಸುಳ್ಳು ಮಾಹಿತಿ ನೀಡಿದ್ದಾರೆ", ಇಲ್ಲವೇ "ವರದಿಗಾರರ ತಪ್ಪು". ಮೊದಲನೆಯದನ್ನು ಒತ್ತಿದರೆ ದೊಡ್ಡಮ್ಮನ ಹೆಸರು ಪಟ್ಟಿಯಿಂದಲೇ ಹೋಗುತ್ತದೆ. ಎರಡನೆಯದನ್ನು ಒತ್ತಿದೆ. ಒಳಗೆ ಮತ್ತೆ ಎರಡು ಸೊನ್ನೆ ತೆರೆದುಕೊಂಡವು: "ತಿಳಿಯದೆ ಆದದ್ದು", "ತಿಳಿದೂ ಮಾಡಿದ್ದು". ತಿಳಿದೂ ಎಂದರೆ ನನ್ನ ಗುತ್ತಿಗೆ ಅಲ್ಲಿಗೆ ಮುಗಿಯುತ್ತದೆ. ತಿಳಿಯದೆ ಎಂದು ಒತ್ತಿ ಮೇಡಂ, ಮನೆಗೆ ಹೋಗಿ ಎಂದರು ಅವರು. ಸಾವಿರಾರು ಪದ ದಿನಚರಿ ಬರೆದ ನನ್ನ ಬೆರಳು ಆ ಒಂದು ಸೊನ್ನೆಯ ಮೇಲೆ ಹೋಗಲಿಲ್ಲ. ನೆನಪಿಲ್ಲ ಎಂಬುದಕ್ಕೆ ಮೂರನೆಯ ಸೊನ್ನೆ ಇಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿ ನೆನಪಿದೆ. ಅಂಥವು ಚೆನ್ನಾಗಿ ನೆನಪಿರುತ್ತವೆ.

ಹಾಗಾಗಿ ನಿನ್ನೆ ಮತ್ತೆ ಶಿರ್ತಾಡಿಗೆ ಹೋದೆ, ಫೋನ್ ಮಾಡದೆ. ದೊಡ್ಡಮ್ಮ ಹೊಸ್ತಿಲ ಬಳಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿದ್ದರು. ಒಳಗೆ ಆಗಲೇ ಮಬ್ಬು. ನನ್ನನ್ನು ಕಂಡು ಎದ್ದು ಸ್ವಿಚ್ಚಿನ ಕಡೆ ಹೋದವರನ್ನು ಕೈಹಿಡಿದು ಕೂರಿಸಿದೆ. ತಿದ್ದುವ ವರದಿ, ಎರಡು ಸೊನ್ನೆ, ಎಲ್ಲವನ್ನೂ ಹೇಳಿ, ಸಾಮಾನು ಬಾಯಿಯವರದೆಂದು ಆ ದಿನ ನನಗೆ ಹೇಳಿದ್ದರೇ ಎಂದು ಕೇಳಿದೆ. ಹೇಳಿದ್ದೆ ಎಂದು ಅವರು ಅಂದರೆ ನನ್ನ ಕೆಲಸ ಹೋಗುತ್ತದೆ. ಹೇಳಿರಲಿಲ್ಲ ಎಂದರೆ ನಾನು ಹಗುರಾಗುತ್ತೇನೆ, ಆದರೆ ಅವರು ಹಾಗೆ ಅಂದದ್ದು ನನಗಾಗಿಯೋ ಎಂಬ ಅನುಮಾನದಿಂದ ಆಮೇಲೆ ಜೀವನಪೂರ್ತಿ ಬಿಡುಗಡೆ ಇಲ್ಲ. ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಕೂತು ಜನರಿಂದ ಉತ್ತರ ಪಡೆಯುವ ವಿಧಾನ ಕಲಿತವಳು ನಾನು. ನನ್ನ ತಲೆಯೊಳಗೆ ಇರಬೇಕಾದ ಒಂದು ಉತ್ತರಕ್ಕಾಗಿ ದೊಡ್ಡಮ್ಮನ ಮುಂದೆ ಕೂತಿದ್ದೆ. ತಿದ್ದುವ ವರದಿ ಕೊಡಲು ಇನ್ನು ನಾಲ್ಕು ದಿನ ಉಂಟು. ಅವರು ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿಸಿ, ಇನ್ನೊಂದನ್ನು ಎತ್ತಿಕೊಂಡರು. ನಾನು ಮತ್ತೊಮ್ಮೆ, ಈ ಸಲ ತುಂಬ ಮೆಲ್ಲಗೆ ಕೇಳಿದೆ.

"ದೊಡ್ಡಮ್ಮ, ಅವತ್ತು ಮೀಟರಿನ ಹತ್ತಿರ ನಿಂತು ನೀವು ನನಗೆ ಹೇಳಿದ್ದಿರಾ?"