ಮೀಸೆ ಮೇಸ್ತ್ರಿಯ ಕಹಿ ಪರೀಕ್ಷೆ

ಟೈಲ್ಸ್ ಕಾರ್ಖಾನೆಯ ಪುಡಿಕೋಣೆಗೆ ಹೊಸ ಮೇಲ್ವಿಚಾರಕ ಬೇಕಾಗಿದ್ದ. ಆ ಕುರ್ಚಿ ತನ್ನದೇ ಎಂದು ಮೀಸೆ ಮೇಸ್ತ್ರಿ ಎಂದೋ ತೀರ್ಮಾನಿಸಿಬಿಟ್ಟಿದ್ದ. ಅವನ ಹೆಂಡತಿಯಂತೂ ಓರಗಿತ್ತಿಯರಿಗೆಲ್ಲ ಸುದ್ದಿ ಮುಟ್ಟಿಸಿಯೂ ಆಗಿತ್ತು. ಅಡ್ಡ ಬಂದದ್ದು ಅವನ ಮೀಸೆ. ಎರಡೂ ಕೆನ್ನೆಗಳನ್ನು ಅರ್ಧರ್ಧ ಒತ್ತುವರಿ ಮಾಡಿಕೊಂಡಿದ್ದ ಮೀಸೆ ಅದು.

ಪುಡಿಕೋಣೆಯಲ್ಲಿ ಮೂಟೆ ಬಿಚ್ಚಿ ಸುರಿಯುವ ಸಿಲಿಕಾ ಪುಡಿ ಕಣ್ಣಿಗೆ ಕಾಣದಷ್ಟು ನಯ. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲೇ ಠಿಕಾಣಿ ಹೂಡುತ್ತದೆ, ಆಮೇಲೆ ಯಾವ ಔಷಧಿಗೂ ಜಗ್ಗುವುದಿಲ್ಲ. ಅದಕ್ಕೇ ಮಾಸ್ಕು ಮುಖಕ್ಕೆ ಅಂಟಿದಂತೆ ಕೂರಬೇಕು; ನಡುವೆ ಕೂದಲು ಸಿಕ್ಕಿದರೆ ಸಂದು ಬಿಡುತ್ತದೆ. ಕೂತಿದೆಯೋ ಇಲ್ಲವೋ ನೋಡಲು ಕಾರ್ಖಾನೆಯ ಡಾಕ್ಟರಮ್ಮ ಅಂದು ಮಧ್ಯಾಹ್ನ ಪರೀಕ್ಷೆ ಇಟ್ಟಿದ್ದರು. ಮಾಸ್ಕು ತೊಡಿಸಿ, ತಲೆಗೆ ಮುಸುಕು ಹಾಕಿ ಒಳಗೆ ಕಹಿ ನೀರು ಸಿಂಪಡಿಸುತ್ತಾರೆ. ಬಾಯಿ ಕಹಿಯಾದರೆ ಮಾಸ್ಕು ಸೋರುತ್ತಿದೆ ಎಂದರ್ಥ.

"ಬೋಳಿಸಿಬಿಡಿ ಮೇಸ್ತ್ರಿ, ಮತ್ತೆ ಬೆಳೆಯುತ್ತೆ," ಎಂದ ಎಲೆಕ್ಟ್ರಿಷಿಯನ್.

"ತಲೆ ಬೇಕಾದ್ರೆ ಕೊಡ್ತೀನಿ, ಮೀಸೆ ಕೊಡಲ್ಲ!"

"ಹಾಗಾದ್ರೆ ಕಹಿ ಆಯ್ತಾ ಅಂತ ಕೇಳಿದಾಗ ಇಲ್ಲ ಅನ್ನಿ. ನಿಮ್ಮ ಬಾಯೊಳಗೆ ಯಾರು ಹೋಗಿ ನೋಡ್ತಾರೆ?"

ಸರಿ, ಬೆಳಗಿನಿಂದಲೇ ತಾಲೀಮು ಶುರುವಾಯಿತು. ಕ್ಯಾಂಟೀನಿನವನು ಸಕ್ಕರೆ ಹಾಕದ ಕರಿ ಡಿಕಾಕ್ಷನ್ ಕುಡಿಸಿದ. ಎಲೆಕ್ಟ್ರಿಷಿಯನ್ ಜ್ವರದ ಮಾತ್ರೆ ಅರೆದು ನಾಲಿಗೆಗೆ ಸವರಿದ. ಪ್ಯಾಕಿಂಗ್ ವಿಭಾಗದ ಅಕ್ಕ ಎದುರಿಗೆ ಕೂತು, "ಹುಬ್ಬು ಅಲ್ಲಾಡ್ತು, ಇನ್ನೊಂದ್ಸಲ!" ಎಂದು ತೀರ್ಪು ಕೊಟ್ಟಳು. ಊಟದ ಹೊತ್ತಿಗೆ ಮೇಸ್ತ್ರಿ ಏನು ನುಂಗಿದರೂ ಅವನ ಮುಖ ಪಾಸ್‌ಪೋರ್ಟ್ ಫೋಟೋದ ಹಾಗೇ ಇರುತ್ತಿತ್ತು.

ಡಾಕ್ಟರಮ್ಮ ಅವನ ತಲೆಗೆ ಮುಸುಕು ಹಾಕಿದರು. "ನೋಡಿ, ಮೊದಲು..."

"ಎಲ್ಲಾ ಗೊತ್ತು ಡಾಕ್ಟ್ರಮ್ಮ. ನೀವು ಹೊಡೀರಿ!"

ಮಾಸ್ಕು ಇನ್ನೂ ಮೇಜಿನ ಮೇಲೇ ಇತ್ತು. ಪಾಪ, ಮರೆತಿದ್ದಾರೆ, ನೆನಪಿಸಿ ಮೀಸೆಯ ಮಾತು ಯಾಕೆ ಎಳೆಯಬೇಕು ಎಂದು ಮೇಸ್ತ್ರಿ ಸುಮ್ಮನಾದ. ಬುಸ್ ಎಂದು ನೀರು ಚಿಮ್ಮಿತು. ನಾಲಿಗೆಗೆ ಬೆಂಕಿ ಬಿದ್ದಂತಾಯಿತು.

"ಕಹಿ ಆಯ್ತಾ?"

"ಇಲ್ಲ."

ಅವರು ಮತ್ತೆ ಹೊಡೆದರು, ಮತ್ತೆ ಮತ್ತೆ ಹೊಡೆದರು. ಬಾಗಿಲಲ್ಲಿ ಇಣುಕುತ್ತಿದ್ದ ಎಲೆಕ್ಟ್ರಿಷಿಯನ್ನನ ಬಾಯೂ ಕಹಿಯಾಗಿ ಅವನು ಉಗುಳಲು ಓಡಿದ.

"ಈಗ?"

"ಸಪ್ಪೆ!" ಎಂದ ಮೇಸ್ತ್ರಿ ಗತ್ತಿನಿಂದ.

ಡಾಕ್ಟರಮ್ಮ ಮುಸುಕು ತೆಗೆದರು. "ಮಾಸ್ಕು ಇಲ್ಲದೆ ಮೊದಲು ಹೊಡೆಯೋದು ನಿಮ್ಮ ನಾಲಿಗೆಗೆ ಕಹಿ ತಿಳಿಯುತ್ತಾ ಅಂತ ನೋಡೋಕೆ. ತಿಳಿಯದಿದ್ರೆ ಮಾಸ್ಕು ಸೋರಿದ್ರೂ ನಿಮಗೆ ಗೊತ್ತಾಗಲ್ಲ. ಪುಡಿಕೋಣೆಗೆ ನಿಮ್ಮನ್ನ ಕಳಿಸೋ ಹಾಗಿಲ್ಲ."

ಮೇಸ್ತ್ರಿ ಎರಡೂ ಕೈ ಜೋಡಿಸಿದ. "ಅಯ್ಯೋ, ಕಹಿ ಇತ್ತು! ವಿಷದ ಹಾಗಿತ್ತು! ಸುಳ್ಳು ಹೇಳಿದೆ, ತಾಯಿ!"

"ನಾಳೆ ಮಾಸ್ಕು ಸೋರಿದಾಗಲೂ ಹೀಗೇ ಸಪ್ಪೆ ಅಂತೀರಿ. ನಿಮ್ಮನ್ನ ನಂಬಿ ಒಳಗೆ ಹೋದವರ ಗತಿ? ಆ ಕುರ್ಚಿ ಮರೆತುಬಿಡಿ. ಸಾಹೇಬರಿಗೆ ಏನು ಹೇಳ್ಲಿ, ನಾಲಿಗೆ ಕೆಟ್ಟಿದೆ ಅಂತಾನೋ, ಸುಳ್ಳುಗಾರ ಅಂತಾನೋ?"

ಕುರ್ಚಿ ಹೋದರೂ ಮಾನ ಉಳಿಯಲಿ ಎಂದುಕೊಂಡು ಮೇಸ್ತ್ರಿ ಮೀಸೆ ನೀವಿದ. "ನಾಲಿಗೆ ಕೆಟ್ಟಿದೆ ಅಂತಲೇ ಹೇಳಿ."

"ಸರಿ, ಹಾಗಾದ್ರೆ ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ಮೂಗು, ಬಾಯಿಗೆಲ್ಲಾ ಕೊಳವೆ ಹಾಕಿ ನೋಡ್ತಾರೆ," ಎಂದರು ಡಾಕ್ಟರಮ್ಮ. "ಅಲ್ಲಿ ಡಾಕ್ಟರಿಗಿಂತ ಮೊದಲು ಬರೋದು ಕ್ಷೌರದವನು."